ಸಿನಮನ್ ಬನ್ನಿನ ಆಯುಷ್ಯ ಅರ್ಧ ದಿನ

ಬೆಂಗಳೂರಿನ ಕೆಫೆಗಳ ಗಾಜಿನ ಕಪಾಟಿನಲ್ಲಿ ಈಗ ಸಿನಮನ್ ಬನ್ ಮಾಮೂಲಿ. ಸುರುಳಿ ಸುತ್ತಿಕೊಂಡ, ಒಳಗೆ ಚಕ್ಕೆಪುಡಿ ಸಕ್ಕರೆಯ ಕಂದು ಗೆರೆ ಕಾಣುವ ಈ ಬನ್ನಿಗೆ ಐಯಂಗಾರ್ ಬೇಕರಿಯ ಬೆಣ್ಣೆ ಬನ್ನಿನ ಹಲವು ಪಟ್ಟು ಬೆಲೆ. ಅಷ್ಟು ಕೊಟ್ಟರೂ ಕೈಗೆ ಬರುವುದು ಬಹುಪಾಲು ಬೆಳಿಗ್ಗೆ ಬೆಂದು, ಮಧ್ಯಾಹ್ನಕ್ಕೆ ತಣ್ಣಗಾಗಿ, ಸಂಜೆ ಮೈಕ್ರೋವೇವ್‌ನಲ್ಲಿ ಮತ್ತೆ ಬಿಸಿಯಾದ ಒಂದು ಉಂಡೆ. ಇದಕ್ಕೆ ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ಕಪಾಟಿನಲ್ಲಿ ಕಾದು ಕೂರುವುದು ಈ ತಿನಿಸಿನ ಜಾಯಮಾನದಲ್ಲೇ ಇಲ್ಲ. ಸಿನಮನ್ ಬನ್ ಹುಟ್ಟಿದ ಬಗೆ, ಅದರ ಆಕಾರ, ಅದು ಹಳಸುವ ವೇಗ, ಯಾವುದನ್ನು ನೋಡಿದರೂ ಇದು ಮನೆಯಲ್ಲಿ ಬೇಯಿಸಿ ಬಿಸಿಯಾಗಿರುವಾಗಲೇ ಮುಗಿಸಬೇಕಾದ ತಿಂಡಿ ಎಂದೇ ಹೇಳಬೇಕಾಗುತ್ತದೆ.

ಇದರ ತವರು ಸ್ವೀಡನ್ ಮತ್ತು ಅದರ ನೆರೆಯ ದೇಶಗಳು. ಸ್ವೀಡನ್ನಿನಲ್ಲಿ ಇದನ್ನು ಕನೇಲ್‌ಬುಲ್ಲೆ ಎನ್ನುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸಕ್ಕರೆ, ಬೆಣ್ಣೆ, ಗೋಧಿಹಿಟ್ಟು ಎಲ್ಲಕ್ಕೂ ತತ್ವಾರ. ಯುದ್ಧ ಮುಗಿದು, 1920ರ ದಶಕದಲ್ಲಿ ಈ ಸಾಮಾನುಗಳು ಮತ್ತೆ ಸಿಗತೊಡಗಿದ ಮೇಲೆ ಈ ಬನ್ ಚಾಲ್ತಿಗೆ ಬಂತು. ಮುಂದೆ ಮನೆಗಳ ಓವನ್ನುಗಳಲ್ಲಿ ಬೇಯುತ್ತಾ ಕಾಫಿಯ ಜೊತೆಯ ಕಾಯಂ ತಿಂಡಿಯಾಯಿತು. ಇಲ್ಲೊಂದು ಆಕ್ಷೇಪಣೆ ಬರಬಹುದು. ಅಕ್ಟೋಬರ್ 4ನ್ನು ಕನೇಲ್‌ಬುಲ್ಲೆ ದಿನ ಎಂದು ಸ್ವೀಡನ್ ಆಚರಿಸುತ್ತದಲ್ಲ, ಅದನ್ನು 1999ರಲ್ಲಿ ಶುರು ಮಾಡಿದ್ದು ಮನೆ ಬೇಕಿಂಗ್‌ಗೆ ಉತ್ತೇಜನ ಕೊಡಲು ಹಿಟ್ಟು, ಸಕ್ಕರೆ, ಯೀಸ್ಟ್ ವ್ಯಾಪಾರದವರ ಬೆಂಬಲದಿಂದ ನಡೆಯುತ್ತಿದ್ದ ಮಂಡಳಿ. ಹಾಗಾದರೆ ಮನೆಯ ಸಂಪ್ರದಾಯ ಎಂಬ ಮಾತೇ ಮಾರಾಟದ ತಂತ್ರವಲ್ಲವೇ? ಆ ದಿನಾಚರಣೆಯ ಹಿಂದೆ ವ್ಯಾಪಾರ ಇತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಆ ವ್ಯಾಪಾರಿಗಳು ಬನ್ ಮಾರಲಿಲ್ಲ, ಬನ್ನಿಗೆ ಬೇಕಾದ ಸಾಮಾನು ಮಾರಿದರು. ಮನೆಯಲ್ಲಿ ಮಾಡುವವರು ಮೊದಲೇ ಸಾಕಷ್ಟು ಜನ ಇದ್ದುದರಿಂದಲೇ ಆ ಲೆಕ್ಕಾಚಾರಕ್ಕೆ ಅರ್ಥವಿತ್ತು.

ಇನ್ನು ಆಕಾರಕ್ಕೆ ಬರೋಣ. ಚಕ್ಕೆಯ ಪರಿಮಳ ಬೇಕಿದ್ದರೆ ಅದರ ಪುಡಿಯನ್ನು ಹಿಟ್ಟಿನಲ್ಲೇ ಕಲಸಿಬಿಡಬಹುದಿತ್ತು. ಲಟ್ಟಿಸಿ, ಬೆಣ್ಣೆ ಸವರಿ, ಪುಡಿ ಉದುರಿಸಿ, ಚಾಪೆಯಂತೆ ಸುತ್ತಿ, ಕತ್ತರಿಸುವ ಇಷ್ಟೆಲ್ಲ ಉಸಾಬರಿ ಯಾಕೆ? ಚಂದಕ್ಕೆ ಎಂದುಕೊಂಡರೆ ಅದು ಅರ್ಧ ಉತ್ತರ. ಚಕ್ಕೆಗೆ ಆ ಘಾಟು ಪರಿಮಳ ಕೊಡುವ ಸಿನಮಾಲ್ಡಿಹೈಡ್ ಎಂಬ ಅಂಶಕ್ಕೆ ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುವ ಗುಣವಿದೆ. ಹಿಟ್ಟು ಉಬ್ಬಿಸುವ ಯೀಸ್ಟ್ ಕೂಡ ಒಂದು ಶಿಲೀಂಧ್ರವೇ. ಪುಡಿಯನ್ನು ಧಾರಾಳವಾಗಿ ಹಿಟ್ಟಿಗೇ ಬೆರೆಸಿದರೆ ಯೀಸ್ಟ್ ಮಂಕಾಗುತ್ತದೆ, ಬನ್ ಗಟ್ಟಿಯಾಗುತ್ತದೆ. ಅದೇ ಪುಡಿಯನ್ನು ಬೆಣ್ಣೆ ಸಕ್ಕರೆಯ ಜೊತೆ ಒಂದು ಪದರವಾಗಿ ಇಟ್ಟರೆ ಯೀಸ್ಟ್ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ, ಚಕ್ಕೆ ತನ್ನ ಖಾರವನ್ನು ಉಳಿಸಿಕೊಳ್ಳುತ್ತದೆ. ಒಲೆಯಲ್ಲಿ ಸಕ್ಕರೆ ಹಿಟ್ಟಿನ ನೀರನ್ನು ಎಳೆದುಕೊಂಡು ಪಾಕವಾಗುತ್ತದೆ. ಬೆಣ್ಣೆ ಸುತ್ತುಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ. ಹಿಟ್ಟಿಗೆ ನೇರವಾಗಿ ಬೀಳುವುದು ಏಲಕ್ಕಿ. ನಮ್ಮಲ್ಲಿ ಏಲಕ್ಕಿ ಪಾಯಸಕ್ಕೆ, ಚಕ್ಕೆ ಪಲಾವಿಗೆ ಮತ್ತು ಬಿಸಿಬೇಳೆಬಾತಿನ ಪುಡಿಗೆ ಎಂದು ಪಾಲಾಗಿದೆ. ಏಲಕ್ಕಿಯನ್ನೂ ಚಕ್ಕೆಯನ್ನೂ ಒಂದೇ ಸಿಹಿತಿಂಡಿಯಲ್ಲಿ ಕೂಡಿಸಿದ್ದು, ಎರಡೂ ಬೆಳೆಯದ ಉತ್ತರದ ಆ ಚಳಿ ನಾಡು. ಈ ಜೋಡಿ ನಮಗೆ ಯಾಕೆ ಹೊಳೆಯಲಿಲ್ಲವೋ!

ಹಳಸುವ ಮಾತು ಇನ್ನೂ ಮುಖ್ಯ. ಬನ್ ಗಟ್ಟಿಯಾಗುವುದು ನೀರು ಆರಿಹೋಗುವುದರಿಂದ ಎಂಬುದು ಸಾಮಾನ್ಯ ನಂಬಿಕೆ. ಬರೀ ಅದೇ ಕಾರಣವಾಗಿದ್ದರೆ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿದರೆ ಸಾಕಿತ್ತು. ಬೇಯುವಾಗ ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬಿ ಮೆತ್ತಗಾಗುತ್ತದೆ. ತಣ್ಣಗಾದ ಕ್ಷಣದಿಂದ ಅದು ಮತ್ತೆ ಹರಳುಗಟ್ಟತೊಡಗುತ್ತದೆ. ಈ ಹರಳುಗಟ್ಟುವಿಕೆ ಅತಿ ಬೇಗ ನಡೆಯುವುದು ಫ್ರಿಜ್ಜಿನ ತಂಪಿನಲ್ಲಿ. ಆದ್ದರಿಂದ ಬನ್ ಕೆಡದಿರಲಿ ಎಂದು ಫ್ರಿಜ್ಜಿಗೆ ತಳ್ಳುವವರು ಅದನ್ನು ಇನ್ನಷ್ಟು ಬೇಗ ಕಲ್ಲಾಗಿಸುತ್ತಾರೆ. ದೊಡ್ಡ ಕಾರ್ಖಾನೆಗಳು ಬ್ರೆಡ್ಡಿಗೆ ಎಮಲ್ಸಿಫೈಯರ್, ಕಿಣ್ವಗಳನ್ನು ಹಾಕಿ ಈ ಕ್ರಿಯೆಯನ್ನು ನಿಧಾನ ಮಾಡುತ್ತವೆ, ಮೃದುತ್ವ ನಾಲ್ಕು ದಿನ ಉಳಿಯುತ್ತದೆ. ಆದರೆ ಸಿನಮನ್ ಬನ್ನಿನ ಅರ್ಧ ಸುಖ ಮೃದುತ್ವದಲ್ಲಿದ್ದರೆ ಇನ್ನರ್ಧ ಇರುವುದು ಕರಗಿದ ಬೆಣ್ಣೆಯಲ್ಲಿ ಮತ್ತು ಗಾಳಿಗೆ ಏಳುವ ಪರಿಮಳದಲ್ಲಿ. ಅವೆರಡನ್ನೂ ಯಾವ ಕಿಣ್ವವೂ ಕಾಯುವುದಿಲ್ಲ. ಅಮೆರಿಕದಲ್ಲಿ 1985ರಲ್ಲಿ ಸಿಯಾಟಲ್ ಬಳಿ ಶುರುವಾದ ಸಿನಬಾನ್ ಕಂಪನಿ ಈ ಗುಟ್ಟನ್ನು ಚೆನ್ನಾಗಿ ಅರಿತಿತ್ತು. ಊರ ಹೊರಗಿನ ಕಾರ್ಖಾನೆಯಲ್ಲಿ ಬನ್ ಬೇಯಿಸಿ ಲಾರಿಯಲ್ಲಿ ಕಳಿಸುವ ಗೋಜಿಗೆ ಹೋಗದೆ ಮಾಲ್‌ನ ಮಳಿಗೆಯಲ್ಲೇ, ಗಿರಾಕಿಯ ಮೂಗಿನ ಎದುರಿಗೇ ಬೇಯಿಸಿತು. ಅಂಗಡಿ ಗೆಲ್ಲಬೇಕಾದರೆ ಮನೆಯ ಅಡುಗೆಮನೆಯನ್ನೇ ಅನುಕರಿಸಬೇಕಾಯಿತು.

ಮನೆಯಲ್ಲಿ ಅಷ್ಟು ಹೊತ್ತು ಯಾರಿಗಿದೆ ಎಂಬ ಪ್ರಶ್ನೆ ಸಹಜ. ಕೆಲಸದ ಹೊತ್ತು ಬೇರೆ, ಕಾಯುವ ಹೊತ್ತು ಬೇರೆ. ಅರ್ಧ ಕಿಲೋ ಮೈದಾಕ್ಕೆ 270 ಮಿ.ಲೀ. ಉಗುರು ಬೆಚ್ಚಗಿನ ಹಾಲು, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, ಬೆಣ್ಣೆ ಸಕ್ಕರೆ ತಲಾ 75 ಗ್ರಾಂ, ಅರ್ಧ ಚಮಚ ಉಪ್ಪು, ಒಂದು ಚಮಚ ತರಿಯಾಗಿ ಕುಟ್ಟಿದ ಏಲಕ್ಕಿ. ಹಾಲು ಕೈಗೆ ಸುಡುವಷ್ಟು ಬಿಸಿಯಿದ್ದರೆ ಯೀಸ್ಟ್ ಸತ್ತೇ ಹೋಗುತ್ತದೆ. ಮೊದಲು ಹಿಟ್ಟು ಕೈಗೆ ಅಂಟುತ್ತದೆ. ಆಗ ಇನ್ನಷ್ಟು ಮೈದಾ ಸುರಿಯುವ ಚಪಲ ಬರುತ್ತದೆ. ಸುರಿಯದೆ ಹತ್ತು ಹನ್ನೆರಡು ನಿಮಿಷ ನಾದಿದರೆ ಅಂಟು ತಾನಾಗಿ ಬಿಡುತ್ತದೆ, ಒಂದು ತುಣುಕನ್ನು ಎಳೆದರೆ ಹರಿಯದೆ ಬೆಳಕು ಕಾಣುವಷ್ಟು ತೆಳ್ಳಗಾಗುತ್ತದೆ. ಉಬ್ಬಿ ಎರಡರಷ್ಟಾದ ಮೇಲೆ ಲಟ್ಟಿಸಿ, 75 ಗ್ರಾಂ ಮೆತ್ತಗಿನ ಬೆಣ್ಣೆ, ಅಷ್ಟೇ ಸಕ್ಕರೆ, ಒಂದು ದೊಡ್ಡ ಚಮಚ ಚಕ್ಕೆಪುಡಿ ಹರಡಿ ಸುತ್ತಬೇಕು. ಚಾಕು ಒತ್ತಿದರೆ ಸುರುಳಿ ಚಪ್ಪಟೆಯಾಗುತ್ತದೆ. ಹೊಲಿಗೆಯ ದಾರವನ್ನು ಅಡಿಯಿಂದ ತೂರಿಸಿ, ಮೇಲೆ ತುದಿಗಳನ್ನು ಅಡ್ಡ ಎಳೆದರೆ 16 ತುಂಡು ಗುಂಡಗೆ ಬರುತ್ತವೆ. ಟ್ರೇಯಲ್ಲಿ ಮತ್ತೆ ಅರ್ಧ ಗಂಟೆ ಉಬ್ಬಲು ಬಿಟ್ಟು, 210 ಡಿಗ್ರಿಯಲ್ಲಿ 10ರಿಂದ 12 ನಿಮಿಷ ಬೇಯಿಸಿದರಾಯಿತು. ಮೊಟ್ಟೆ ತಿನ್ನದವರಿಗೂ ಅಡ್ಡಿಯಿಲ್ಲ. ಸ್ವೀಡನ್ನಿನ ರೂಢಿಯ ಹಿಟ್ಟಿನಲ್ಲಿ ಮೊಟ್ಟೆ ಇಲ್ಲ, ಮೇಲೆ ಸವರುವುದಷ್ಟೇ, ಅದಕ್ಕೆ ಹಾಲು ಸಾಕು.

ನಮ್ಮ ಹವೆ ಇದಕ್ಕೆ ಒಗ್ಗುವುದಿಲ್ಲ ಎಂಬ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಅಲ್ಲಿನ ಪಾಕವಿಧಾನದಲ್ಲಿ ಒಂದು ಗಂಟೆ ಉಬ್ಬಲಿ ಎಂದು ಬರೆದಿದ್ದರೆ ಅದು ಅಲ್ಲಿನ ಅಡುಗೆಮನೆಯ ಲೆಕ್ಕ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಅಷ್ಟು ಹೊತ್ತು ಬಿಟ್ಟರೆ ಹಿಟ್ಟು ಮಿತಿಮೀರಿ ಉಬ್ಬುತ್ತದೆ. ಬೇಸಿಗೆಗೊಂದು, ಚಳಿಗಾಲಕ್ಕೊಂದು ಎಂದು ಇಡ್ಲಿ ಹಿಟ್ಟಿನ ಹೊತ್ತು ಬದಲಿಸುವ ಮನೆಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಡಿಯಾರ ಬಿಟ್ಟು ಹಿಟ್ಟನ್ನು ನೋಡಬೇಕು. ಬೆಣ್ಣೆ ಕರಗಿ ಸೋರುವ ಸೆಕೆಯಲ್ಲಿ ಇನ್ನೊಂದು ದಾರಿಯಿದೆ. ನಾದಿದ ಹಿಟ್ಟನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ನಿಧಾನವಾಗಿ ಉಬ್ಬುತ್ತದೆ, ರುಚಿಯೂ ಗಾಢವಾಗುತ್ತದೆ, ಬೆಳಿಗ್ಗೆ ಲಟ್ಟಿಸಲು ಗಟ್ಟಿಯಾಗಿ ಸಿಗುತ್ತದೆ. ಬೆಂದ ಬನ್ನಿಗೆ ಶತ್ರುವಾದ ಫ್ರಿಜ್ಜು ಹಸಿ ಹಿಟ್ಟಿಗೆ ಮಿತ್ರ.

ಆರೋಗ್ಯದ ಆಕ್ಷೇಪಣೆಯನ್ನು ತೇಲಿಸಿ ಬಿಡುವಂತಿಲ್ಲ. ಮೈದಾ, ಸಕ್ಕರೆ, ಬೆಣ್ಣೆಯ ವಿಷಯದಲ್ಲಿ ವಾದಿಸಲು ಏನೂ ಇಲ್ಲ, ಇದು ದಿನಾ ತಿನ್ನುವ ತಿಂಡಿಯಲ್ಲ. ಹೆಚ್ಚು ಜನರಿಗೆ ಗೊತ್ತಿಲ್ಲದ್ದು ಕೂಮರಿನ್. ನಮ್ಮ ದಿನಸಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ದಪ್ಪ ಚಕ್ಕೆ ಕ್ಯಾಸಿಯಾ ಜಾತಿಯದು. ಅದರಲ್ಲಿ ಕೂಮರಿನ್ ಹೆಚ್ಚು, ಅತಿಯಾದರೆ ಕೆಲವರ ಯಕೃತ್ತಿಗೆ ಹಾನಿ. ಯುರೋಪಿನ ಒಕ್ಕೂಟ ಸಾಂಪ್ರದಾಯಿಕ ಬೇಕರಿ ತಿನಿಸಿಗೆ ಕಿಲೋಗೆ 50 ಮಿ.ಗ್ರಾಂ, ಉಳಿದ ಸಿಹಿ ಬೇಕರಿ ತಿನಿಸಿಗೆ 15 ಮಿ.ಗ್ರಾಂ ಮಿತಿ ಹಾಕಿದೆ. ತಮ್ಮ ಸುರುಳಿ ಯಾವ ಗುಂಪಿಗೆ ಸೇರಬೇಕು ಎಂದು 2013ರ ಕೊನೆಯಲ್ಲಿ ಡೆನ್ಮಾರ್ಕಿನ ಬೇಕರಿಯವರು ಗಲಾಟೆಯನ್ನೇ ಎಬ್ಬಿಸಿದ್ದರು. ದೇಹತೂಕದ ಕಿಲೋಗೆ ದಿನಕ್ಕೆ 0.1 ಮಿ.ಗ್ರಾಂ ಸುರಕ್ಷಿತ ಎಂಬುದು ಯುರೋಪಿನ ತಜ್ಞರ ಲೆಕ್ಕ. ಕ್ಯಾಸಿಯಾ ಪುಡಿಯ ಒಂದು ಗ್ರಾಂನಲ್ಲಿ ಸುಮಾರು 3 ಮಿ.ಗ್ರಾಂ ಕೂಮರಿನ್ ಇದ್ದರೆ, ಮೇಲಿನ ಅಳತೆಯ ಒಂದು ಬನ್ನಿನಲ್ಲಿ ಒಂದೂವರೆ ಮಿ.ಗ್ರಾಂ ಇರುತ್ತದೆ. 60 ಕಿಲೋ ತೂಕದವರು ಅಪರೂಪಕ್ಕೆ ಎರಡು ತಿಂದರೆ ಚಿಂತೆಯಿಲ್ಲ. 15 ಕಿಲೋ ತೂಕದ ಮಗುವಿಗೆ ಒಂದೇ ಬನ್ನಿಗೆ ದಿನದ ಮಿತಿ ಮುಗಿಯಿತು. ಸಿಂಹಳದ ಚಕ್ಕೆಯಲ್ಲಿ ಕೂಮರಿನ್ ಬರೀ ಲೇಶಮಾತ್ರ. ಕಾಗದದಂಥ ತೆಳು ಪದರಗಳು ಒಂದರೊಳಗೊಂದು ಸುತ್ತಿಕೊಂಡಿದ್ದು, ಬೆರಳಲ್ಲಿ ಒತ್ತಿದರೆ ಪುಡಿಯಾದರೆ ಅದು ಸಿಂಹಳದ್ದು. ಕೆಫೆಯ ಬನ್ನಿನಲ್ಲಿ ಯಾವ ಚಕ್ಕೆ ಬಿದ್ದಿದೆ ಎಂದು ಬೋರ್ಡು ಹಾಕುವವರಿಲ್ಲ. ಮನೆಯಲ್ಲಾದರೆ ಆಯ್ಕೆ ನಮ್ಮದು.

ಮೂವರಿರುವ ಮನೆಯಲ್ಲಿ 16 ಬನ್ ಏನು ಮಾಡುವುದು ಎಂಬುದೊಂದು ಉಳಿಯುತ್ತದೆ. ಅವತ್ತಿಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು, ಪೂರ್ತಿ ಆರಿದ ಕೂಡಲೇ, ಗಾಳಿಯಾಡದ ಚೀಲದಲ್ಲಿ ಫ್ರೀಜರಿಗೆ ಹಾಕಬೇಕು. ಆ ಚಳಿಯಲ್ಲಿ ಪಿಷ್ಟ ಹರಳುಗಟ್ಟುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಬೇಕಾದಾಗ ಒಂದೆರಡು ತೆಗೆದು ಬಿಸಿ ಓವನ್ನಿನಲ್ಲೋ ಮುಚ್ಚಿದ ದಪ್ಪ ತಳದ ಬಾಣಲೆಯಲ್ಲೋ ಸಣ್ಣ ಉರಿಯಲ್ಲಿ ಒಳಗಿನವರೆಗೆ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ, ಆದರೆ ಅದನ್ನು ಆಗಲೇ ತಿಂದು ಮುಗಿಸಬೇಕು.