ಸೆಕೆಂಡಿಗೆ 50 ಚಿತ್ರ: ನಮ್ಮೂರಿನ ವಿಡಿಯೋ ಗೇಮ್

ಹಳೆಯ ವಿಡಿಯೋ ಗೇಮನ್ನು ಕಂಪ್ಯೂಟರಿನಲ್ಲಿ ಹಾಕಿ ಆಡುವ ನನ್ನ ವಯಸ್ಸಿನವರು ಮೊದಲು ಕೇಳುವುದು, 'ಇದೇನು, ಇಷ್ಟು ಜೋರಾಗಿ ಓಡುತ್ತಿದೆ?' ಎಂದು. ಮಾರಿಯೋಗೆ ಅವಸರ ಹತ್ತಿರುತ್ತದೆ. ಕಾಂಟ್ರಾದ ಗುಂಡು ಬಗ್ಗುವಷ್ಟರಲ್ಲಿ ಬಂದು ಬಡಿಯುತ್ತದೆ. ಹಾಡಿನ ಲಯ ಕೂಡ ಏರಿದೆ. ವಯಸ್ಸಾಯಿತು, ಬೆರಳು ನಿಧಾನವಾಯಿತು ಎಂದುಕೊಂಡು ಹಲವರು ಅಲ್ಲಿಗೇ ಮುಚ್ಚಿಡುತ್ತಾರೆ. ಬೆರಳಿನದೇನೂ ತಪ್ಪಿಲ್ಲ. ನಾವು ಚಿಕ್ಕಂದಿನಲ್ಲಿ ಆಡಿದ ಆಟ ನಿಜವಾಗಿಯೂ ನಿಧಾನವಾಗಿತ್ತು.

ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1983ರ ಜುಲೈನಲ್ಲಿ. ವಿನ್ಯಾಸ ಮಸಾಯುಕಿ ಉಯೆಮುರಾ ಎಂಬ ಎಂಜಿನಿಯರರದು. ಜಪಾನ್ ಮತ್ತು ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಸಲ ಚಿತ್ರ ಮೂಡಿಸುತ್ತಿದ್ದವು. ಆಟ ಬರೆದವರು ಕಾಲವನ್ನು ಅಳೆದದ್ದೂ ಆ ಚಿತ್ರಗಳ ಲೆಕ್ಕದಲ್ಲೇ: ಚಿತ್ರವೊಂದು ಮೂಡಿದರೆ ಮಾರಿಯೋ ಇಷ್ಟು ಚುಕ್ಕಿ ಮುಂದೆ, ಹಾಡಿನ ಸ್ವರ ಇಷ್ಟು ಚಿತ್ರಗಳ ತನಕ. ನಮ್ಮ ದೇಶದ ಟಿವಿ ಪಾಲ್ ಪದ್ಧತಿಯದು, ಸೆಕೆಂಡಿಗೆ 50 ಸಲ. ಆದ್ದರಿಂದ ಜಪಾನಿನ ಹುಡುಗ ಹತ್ತು ನಿಮಿಷದಲ್ಲಿ ದಾಟುವ ದಾರಿಗೆ ನಮಗೆ ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಆಟದೊಳಗಿನ ಗಡಿಯಾರವೂ ಅಷ್ಟೇ ನಿಧಾನ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಗುಂಡಿನಿಂದ ತಪ್ಪಿಸಿಕೊಳ್ಳಲು ನಮಗೊಂದಿಷ್ಟು ಹೆಚ್ಚು ಸಮಯ ಸಿಕ್ಕಿತು.

ಇದನ್ನು ನಾನು ಕಂಡುಕೊಂಡದ್ದು ಎಮ್ಯುಲೇಟರ್ ಎಂಬ ತಂತ್ರಾಂಶದಿಂದ. ಫ್ಯಾಮಿಕಾಮಿನ ಚಿಪ್ಪಿಗೆ ಅರ್ಥವಾಗುವ ಆದೇಶಗಳು ಇಂದಿನ ಲ್ಯಾಪ್‌ಟಾಪಿಗೆ ಅರ್ಥವಾಗುವುದಿಲ್ಲ. ಎಮ್ಯುಲೇಟರ್ ಇಬ್ಬರ ನಡುವೆ ದುಭಾಷಿಯಂತೆ ಕೂತು ಒಂದೊಂದೇ ಆದೇಶವನ್ನು ಓದಿ, ಹಳೆಯ ಯಂತ್ರ ಏನು ಮಾಡುತ್ತಿತ್ತೋ ಅದನ್ನೇ ಮಾಡಿ ತೋರಿಸುತ್ತದೆ. ಆ ಚಿಪ್ಪಿನ ವೇಗ ಸೆಕೆಂಡಿಗೆ ಸುಮಾರು 17 ಲಕ್ಷ 90 ಸಾವಿರ ಮಿಡಿತ, ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೊ ಅದಕ್ಕಿಂತ ಸಾವಿರ ಪಟ್ಟು ದೊಡ್ಡದು. ಅನುಕರಣೆ ಸುಲಭವಿರಬೇಕು ಅನ್ನಿಸುತ್ತದೆ, ಆದರೆ ಕಷ್ಟವಿರುವುದು ಹೊಂದಾಣಿಕೆಯಲ್ಲಿ. ಮುಖ್ಯ ಚಿಪ್ ಒಂದು ಹೆಜ್ಜೆ ಇಡುವಷ್ಟರಲ್ಲಿ ಚಿತ್ರದ ಚಿಪ್ ಮೂರು ಚುಕ್ಕಿ ಬರೆದಿರುತ್ತದೆ. ಈ ತಾಳ ಕೂದಲೆಳೆಯಷ್ಟು ತಪ್ಪಿದರೂ ಕೆಲವು ಆಟಗಳು ಕೆಟ್ಟು ನಿಲ್ಲುತ್ತವೆ. ಈ ಕೆಲಸವನ್ನು ಹೆಚ್ಚಾಗಿ ಮಾಡಿದವರು ಸಂಬಳವಿಲ್ಲದ ಹವ್ಯಾಸಿಗಳು. ಅವರ ಮೇಲೆ ನನಗೆ ಅಪಾರ ಗೌರವ.

ಎಮ್ಯುಲೇಟರಿನ ಕಿಟಕಿಯಿಂದ ನೋಡಿದಾಗ ಚಿಕ್ಕಂದಿನ ಎಷ್ಟೋ ಒಗಟುಗಳು ಬಿಡಿಸಿಕೊಂಡವು. ಶತ್ರುಗಳು ಜಾಸ್ತಿಯಾದಾಗ ಪರದೆಯ ಮೇಲೆ ಎಲ್ಲರೂ ಮಿಣಮಿಣ ಎನ್ನುತ್ತಿದ್ದರಲ್ಲ, ನಾವು ಅಡಾಪ್ಟರ್ ಬಿಸಿಯಾಯಿತು ಎನ್ನುತ್ತಿದ್ದೆವು. ನಿಜವಾದ ಕಾರಣ ಬೇರೆ. ಚಿತ್ರದ ಚಿಪ್ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ಬರೆಯಲಾರದು. ಒಂಬತ್ತನೆಯದು ಪೂರ್ತಿ ಕಾಣದೇ ಹೋದರೆ ಕಾಣದ ಗುಂಡಿಗೆ ಆಡುವವರು ಬಲಿಯಾಗುತ್ತಾರೆ. ಅದಕ್ಕೇ ಆಟ ಬರೆದವರು ಸರದಿ ಇಟ್ಟರು, ಈ ಚಿತ್ರದಲ್ಲಿ ಒಬ್ಬ ಮಾಯ, ಮುಂದಿನದರಲ್ಲಿ ಇನ್ನೊಬ್ಬ. ಆ ಮಿಣುಕು ಆಡುವವರ ಮೇಲಿನ ಕಾಳಜಿಯಿಂದ ಬಂದದ್ದು. ಈಗಿನ ಎಮ್ಯುಲೇಟರುಗಳಲ್ಲಿ ಈ ಮಿತಿಯನ್ನು ತೆಗೆದುಹಾಕುವ ಗುಂಡಿಯೊಂದು ಇದೆ. ನಾನು ಅದನ್ನು ಒತ್ತುವುದಿಲ್ಲ.

1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್. ಆಕಾಶದ ಮೋಡಕ್ಕೂ ನೆಲದ ಪೊದೆಗೂ ಆಕಾರ ಒಂದೇ, ಬಣ್ಣ ಮಾತ್ರ ಬೇರೆ. ದನಿಯ ಪದರಗಳನ್ನು ಒಂದೊಂದಾಗಿ ಆರಿಸಿ ಕೇಳುವ ಸೌಲಭ್ಯವೂ ಎಮ್ಯುಲೇಟರಿನಲ್ಲಿದೆ. ಹಾಗೆ ಕೇಳಿದಾಗ ಗೊತ್ತಾದದ್ದು, ಮಾರಿಯೋ ನೆಗೆದಾಗಲೆಲ್ಲ ಆ ಸದ್ದಿಗೆ ಜಾಗ ಕೊಡಲು ಕೋಜಿ ಕೊಂಡೊ ಅವರ ಹಾಡಿನ ಒಂದು ಎಳೆ ಕ್ಷಣಕಾಲ ಸುಮ್ಮನಾಗುತ್ತದೆ. ಇಷ್ಟು ವರ್ಷ ಕೇಳಿದರೂ ಆ ಹಾಡಿನಲ್ಲಿ ಏನೂ ಕಳೆದಂತೆ ಅನ್ನಿಸಿರಲಿಲ್ಲ. ಅಷ್ಟು ಜಾಣತನದಿಂದ ಹೊಸೆದ ಸಂಗೀತ ಅದು.

ದಾವಣಗೆರೆಯಲ್ಲಿ ನನ್ನ ಚಿಕ್ಕಪ್ಪನದು ಟಿವಿ ರಿಪೇರಿ ಅಂಗಡಿ. ಯಾರೂ ಒಯ್ಯಲು ಬಾರದೆ ಉಳಿದ ಟಿವಿಗೆ ವಿಡಿಯೋ ಗೇಮ್ ಜೋಡಿಸಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತಿದ್ದರು. ಸಂಜೆ ಹುಡುಗರ ಸಾಲು. ಮನೆಯವಳೆಂಬ ಸಲುಗೆಯಲ್ಲಿ ರಜೆಯ ಬೆಳಗ್ಗೆಗಳೆಲ್ಲ ನನ್ನವು. ಕ್ಯಾಸೆಟ್ ಹಿಡಿಯದಿದ್ದರೆ ಎಲ್ಲರೂ ಬಾಯಿಂದ ಊದುವವರೇ. 'ಊದಬೇಡ ಪುಟ್ಟಿ, ಎಂಜಲು ತಾಗಿ ಪಿನ್ನು ಕಿಲುಬು ಹಿಡಿಯುತ್ತೆ' ಎಂದು ಚಿಕ್ಕಪ್ಪ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ ಕೊಡುತ್ತಿದ್ದರು. ಬಾತುಕೋಳಿ ಹೊಡೆಯುವ ಡಕ್ ಹಂಟ್ ಆಟದ ಬಂದೂಕನ್ನು ಬಿಚ್ಚಿ ತೋರಿಸಿದವರೂ ಅವರೇ. ಒಳಗಿದ್ದದ್ದು ಬೆಳಕು ಗುರುತಿಸುವ ಒಂದು ಬಿಡಿಭಾಗ ಅಷ್ಟೇ. ಕುದುರೆ ಎಳೆದ ಕೂಡಲೇ ಪರದೆ ಕಣ್ಣೆವೆ ಬಡಿಯುವಷ್ಟು ಹೊತ್ತು ಕಪ್ಪಾಗಿ, ಹಕ್ಕಿ ಇದ್ದ ಕಡೆ ಬಿಳಿ ಚೌಕ ಮೂಡುತ್ತದೆ. ಬಂದೂಕಿಗೆ ಆ ಬೆಳಕು ಕಂಡರೆ ಹಕ್ಕಿ ಬಿತ್ತು. ಈಗಿನ ಚಪ್ಪಟೆ ಟಿವಿಗಳು ಚಿತ್ರವನ್ನು ಸ್ವಲ್ಪ ತಡವಾಗಿ ತೋರಿಸುವುದರಿಂದ ಹಳೆಯ ಬಂದೂಕು ಅವುಗಳ ಮುಂದೆ ಕೆಲಸ ಮಾಡುವುದಿಲ್ಲ. ಎಮ್ಯುಲೇಟರಿನಲ್ಲಿ ಮೌಸ್ ಹಿಡಿದು ಗುರಿ ಇಡಬೇಕು.

ಆ ಅಂಗಡಿಯ ಯಂತ್ರ ನಿಂಟೆಂಡೊದ್ದಾಗಿರಲಿಲ್ಲ, ಅದರ ನಕಲು. ಕ್ಯಾಸೆಟ್ ಮೇಲೆ '9999 ಇನ್ 1' ಎಂದಿರುತ್ತಿತ್ತು. ಒಳಗೆ ಬೆರಳೆಣಿಕೆಯ ಆಟಗಳು, ಅವೇ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಹಂತದಿಂದ ಶುರುವಾಗುತ್ತಿದ್ದವು. ನಾವು 'ಟ್ಯಾಂಕ್' ಎನ್ನುತ್ತಿದ್ದದ್ದು ನಾಮ್ಕೊ ಕಂಪನಿಯ 1985ರ ಬ್ಯಾಟಲ್ ಸಿಟಿ. ಅದನ್ನೇ ಯಾರೋ ತಿದ್ದಿ ಮಾಡಿದ 'ಟ್ಯಾಂಕ್ 1990' ಎಂಬ ರೂಪವೂ ಓಡಾಡುತ್ತಿತ್ತು. ಜಪಾನ್ ಮತ್ತು ಅಮೆರಿಕದ ಅಧಿಕೃತ ಪಟ್ಟಿಗಳಲ್ಲಿ ಇಂಥವಕ್ಕೆ ಜಾಗವಿಲ್ಲ. ಆದರೆ ನಮ್ಮ ಓಣಿಗಳಲ್ಲಿ ವಿಡಿಯೋ ಗೇಮ್ ಎಂದರೆ ಇವೇ.

ರಷ್ಯಾದವರು ತಮ್ಮ ನಕಲು ಯಂತ್ರವನ್ನು ಕೀಳೆಂದು ತಳ್ಳಿಹಾಕಲಿಲ್ಲ. ಅಲ್ಲಿ 1992ರಿಂದ ಮಾರಾಟವಾದ 'ಡೆಂಡಿ' ಕೂಡ ತೈವಾನಿನ ಚಿಪ್ಪುಗಳ, 50 ಚಿತ್ರದ ಫ್ಯಾಮಿಕಾಮ್ ನಕಲು. ಅಭಿಮಾನಿಗಳು ಅದರ ಗತಿಯನ್ನು ಅಳೆದು ದಾಖಲಿಸಿದರು. ಇಂದು ಮೆಸೆನ್, ಎಫ್‌ಸಿಇಯುಎಕ್ಸ್‌ನಂಥ ಎಮ್ಯುಲೇಟರುಗಳ ಸೆಟ್ಟಿಂಗಿನಲ್ಲಿ ಆ ಹೆಸರಿನ ಆಯ್ಕೆಯೇ ಇದೆ. ನಾನು ಅದನ್ನು ಆರಿಸಿದ ಕ್ಷಣ ಮಾರಿಯೋ ನಮ್ಮ ಅಂಗಡಿಯ ನಡಿಗೆಗೆ ಬಂದ. ಹಾಡಿನ ಶ್ರುತಿ ಹೆಚ್ಚುಕಡಿಮೆ ಹಾಗೇ ಇದ್ದು ಲಯ ಇಳಿಯಿತು. ಮೊದಲು ಆಡುವಾಗ ಜೋರಾಯಿತು ಅನ್ನಿಸಿದವರು ಆ ಆಯ್ಕೆಯನ್ನು ಒಮ್ಮೆ ನೋಡಿ.

ಕಾನೂನಿನ ಮಾತೂ ಹೇಳಬೇಕು. ಎಮ್ಯುಲೇಟರ್ ತಯಾರಿಸುವುದು ತಪ್ಪಲ್ಲವೆಂಬ ನಿಲುವಿಗೆ ಬಲ ಬಂದದ್ದು 2000ದಲ್ಲಿ, ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪಿನಿಂದ. ಆಟದ ಹಕ್ಕು ಮಾತ್ರ ಬೇರೆಯೇ ವಿಷಯ, ಅದು ಮಾಡಿದವರದು. ಕಾಂಟ್ರಾದ ಹಳೆಯ ಆಟಗಳನ್ನು ಕೊನಾಮಿ 2019ರಲ್ಲಿ ಕಂಪ್ಯೂಟರಿಗೂ ಒಟ್ಟಾಗಿ ತಂದಿತು. ಸಿಗುವುದನ್ನು ಕೊಂಡೇ ಆಡಬೇಕು. ಹಳೆಯ ಯಂತ್ರಕ್ಕೆಂದೇ ಈಗಲೂ ಹೊಸ ಆಟ ಬರೆಯುವವರಿದ್ದಾರೆ. 2019ರ ಮೈಕ್ರೋ ಮೇಜಸ್ ಕೂಡ ಮಾರಿಯೋನಂತೆ 40 ಕಿಲೋಬೈಟಿನೊಳಗೆ ಕೂತಿದೆ. ಆದರೆ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರಾಟದಲ್ಲೇ ಇಲ್ಲ. ಹಕ್ಕುದಾರರಿರುವ ಆಟಗಳ ಗತಿಯೇ ಇದಾದರೆ, ಹೇಳಿಕೊಳ್ಳಲು ತಯಾರಕರೂ ಇಲ್ಲದ ನಮ್ಮ ಹಳದಿ ಕ್ಯಾಸೆಟ್ಟುಗಳನ್ನು ಯಾರು ನೋಡಿಕೊಳ್ಳುತ್ತಾರೆ?

ಅವುಗಳೊಳಗಿನ ಚಿಪ್ ಕಪ್ಪು ಅಂಟಿನ ಹನಿಯ ಕೆಳಗೆ ಹುದುಗಿರುತ್ತದೆ. ಪಟ್ಟಿಯಿಂದ ಒಂದು ಆಟ ಆರಿಸಿದಾಗ ಯಾವ ಭಾಗವನ್ನು ತೆರೆಯಬೇಕೆಂಬ ಏರ್ಪಾಟು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಬೇರೆ. ಎಮ್ಯುಲೇಟರ್ ಬರೆಯುವವರು ಒಂದೊಂದನ್ನೂ ಬಿಡಿಸಿ ತಿಳಿಯಬೇಕಾಗುತ್ತದೆ. ಕೈಗೆ ಕ್ಯಾಸೆಟ್ಟೇ ಸಿಗದಿದ್ದರೆ ಬಿಡಿಸುವುದೇನನ್ನು? ನಿಮ್ಮ ಅಟ್ಟದಲ್ಲಿ ಅಂಥದ್ದೊಂದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮೇಲಿನ ಚೀಟಿಯದ್ದೂ, ತೆರೆಯಲು ಬಂದರೆ ಒಳಗಿನ ಹಸಿರು ಹಲಗೆಯ ಎರಡೂ ಬದಿಯದ್ದೂ ಫೋಟೊ ತೆಗೆಯಿರಿ. ಯಾವ ಊರಲ್ಲಿ, ಸುಮಾರು ಯಾವ ವರ್ಷ ಕೊಂಡದ್ದು ಎಂದು ಬರೆದು ಜೊತೆಗಿಡಿ. ಕ್ಯಾಸೆಟ್ ಓದಿ ಕಂಪ್ಯೂಟರಿಗೆ ಇಳಿಸುವ ಪುಟ್ಟ ಸಾಧನಗಳು ಈಗ ಹವ್ಯಾಸಿಗಳ ಬಳಿ ಇವೆ. ಚಿಕ್ಕಪ್ಪ ಅಂಗಡಿ ಮುಚ್ಚುವಾಗ ಉಳಿಸಿಕೊಂಡ ಒಂದು ಪೆಟ್ಟಿಗೆ ನನ್ನ ಹತ್ತಿರವಿದೆ, ನಾನು ಅದರಿಂದಲೇ ಶುರು ಮಾಡಿದ್ದೇನೆ.