ಮಗುವಿನ ಚಿಕಿತ್ಸೆಗೆ ಯಾರ ಸಹಿ?

ಮಗುವಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದಾಗ ಆಸ್ಪತ್ರೆಯವರು ಒಪ್ಪಿಗೆ ಪತ್ರವೊಂದನ್ನು ಮುಂದಿಡುತ್ತಾರೆ. ಗಾಬರಿಯಲ್ಲಿ ಅದನ್ನು ಓದದೆಯೇ ಸಹಿ ಹಾಕುವವರೇ ಹೆಚ್ಚು. ಆ ಸಹಿಯ ಅರ್ಥವೇನೆಂದು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು.

ನಮ್ಮ ದೇಶದಲ್ಲಿ 18 ವರ್ಷ ತುಂಬಿದವರು ಪ್ರಾಯಸ್ಥರು. 12 ವರ್ಷದೊಳಗಿನ ಮಗುವಿನ ಪರವಾಗಿ ಹೆತ್ತವರು ಅಥವಾ ಕಾನೂನುಬದ್ಧವಾಗಿ ಮಗುವಿನ ಹೊಣೆ ಹೊತ್ತವರು ಒಪ್ಪಿಗೆ ಕೊಡಬೇಕು. ಹಳೆಯ ದಂಡ ಸಂಹಿತೆಯ ಈ ನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. 12 ದಾಟಿದ ಮಕ್ಕಳ ಮಾತನ್ನೂ ಕೇಳಬೇಕು. ಆದರೆ 18ರವರೆಗೆ ಆಸ್ಪತ್ರೆಗಳು ಸಾಮಾನ್ಯವಾಗಿ ಹೆತ್ತವರ ಸಹಿಯನ್ನೇ ಕೇಳುತ್ತವೆ.

ಸಹಿಗೆ ಮುನ್ನ ಪ್ರಶ್ನೆ ಕೇಳುವುದು ನಿಮ್ಮ ಹಕ್ಕು. ಚಿಕಿತ್ಸೆ ಏನು, ಅಪಾಯವೇನು, ಬೇರೆ ದಾರಿ ಇದೆಯೇ ಎಂಬುದನ್ನು ವೈದ್ಯರು ತಿಳಿಸಬೇಕೆಂದು 2008ರಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಸಾಲದು ಎಂದೂ ಅದೇ ತೀರ್ಪು ಹೇಳುತ್ತದೆ. ಆದರೆ ಜೀವಕ್ಕೆ ಅಪಾಯವಿದ್ದು, ಹೆತ್ತವರನ್ನು ಕಾಯಲು ಸಮಯವಿಲ್ಲದಿದ್ದರೆ, ವೈದ್ಯರು ಸಹಿಯಿಲ್ಲದೆಯೂ ಚಿಕಿತ್ಸೆ ಮಾಡಬಹುದು.

ಬೆಳ್ಳೂರಿನ ನಮಗೆ ಇನ್ನೊಂದು ವಿಷಯ ಮುಖ್ಯ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನ ನೋವು ಕಂಡ ಪಂಚಾಯತುಗಳಲ್ಲಿ ನಮ್ಮದೂ ಒಂದು. ಅಂದಿನ ಮಕ್ಕಳು ಇಂದು ಪ್ರಾಯಕ್ಕೆ ಬಂದಿದ್ದಾರೆ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಗ ಅಥವಾ ಮಗಳು ತಾಯಿಗೆ ಎಂದಿಗೂ ಮಗುವೇ. ಆದರೆ 18 ತುಂಬಿದ ದಿನದಿಂದ ಹೆತ್ತವರು ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ.

ಇದಕ್ಕೆ ದಾರಿ 1999ರ ರಾಷ್ಟ್ರೀಯ ಟ್ರಸ್ಟ್ ಕಾಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಇದು ಅನ್ವಯಿಸುತ್ತದೆ. ಹೆತ್ತವರು ಅಥವಾ ಬಂಧುಗಳು ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟರೆ, ಅಗತ್ಯವಿದ್ದಲ್ಲಿ ಸಮಿತಿಯು ಪೋಷಕರನ್ನು ನೇಮಿಸುತ್ತದೆ. ಪೋಷಕರು ನಿರ್ಲಕ್ಷಿಸಿದರೆ ಅವರನ್ನು ತೆಗೆದುಹಾಕುವ ಅಧಿಕಾರವೂ ಅದಕ್ಕಿದೆ. ಕೈಕಾಲು ಮಾತ್ರ ದುರ್ಬಲವಿದ್ದು ಬುದ್ಧಿ ಚುರುಕಾಗಿರುವವರಿಗೆ ಪೋಷಕರು ಬೇಡ; ಅವರ ಒಪ್ಪಿಗೆ ಅವರೇ ಕೊಡಬೇಕು.

ಆಸ್ಪತ್ರೆಯ ಬಾಗಿಲಿಗೆ ಹೋದ ಮೇಲೆ ಓಡಾಡುವ ಬದಲು ಈಗಲೇ ದಾಖಲೆ ಮಾಡಿಸಿಕೊಳ್ಳಿ. ನಿಮ್ಮ ವಾಳೆಯಲ್ಲಿ ಇಂಥ ಕುಟುಂಬವಿದ್ದರೆ ಅರ್ಜಿ ಬರೆಯಲು ನೆರವಾಗಿ. ಹೆತ್ತವರಿಗೆ ವಯಸ್ಸಾಗುತ್ತಿದೆ, ನಾಳೆ ಆ ಮಗುವಿನ ಪರವಾಗಿ ಸಹಿ ಹಾಕುವವರು ಯಾರೆಂದು ಇಂದೇ ನಿರ್ಧರಿಸುವುದು ಒಳ್ಳೆಯದು.