ಸೀರೆಯ ಬಣ್ಣ, ಮೈಯ ಬಣ್ಣ: ಒಂದು ಪ್ರಬಂಧ ವಿಷಯದ ಹುಡುಕಾಟ

ಜಮಖಂಡಿಯಲ್ಲಿ ಎಂ.ಎ. ಓದುವ ಹುಡುಗಿಯೊಬ್ಬಳು ಒಂದು ಸಂಜೆ ಮನೆಗೆ ಬಂದು ಹೇಳಿದಳು: "ಅಣ್ಣಾರ, ಫ್ಯಾಶನ್ ಫೋಟೋ ಮತ್ತ ಫೋಟೋ ತಿದ್ದೋದರ ಮ್ಯಾಲ ಪ್ರಬಂಧ ಬರೀಬೇಕಂತ ಮಾಡೀನ್ರಿ. ಗೈಡ್ ಸರ್ 'ನಿನಗ ಇದ್ಯಾಕ, ಯಾವುದರ ದಲಿತ ಆತ್ಮಕಥೆ ತಗೋ' ಅಂತಾರ್ರಿ." ನಮ್ಮ ಸಂಘಟನೆಯ ಹುಡುಗರೂ ನಕ್ಕರಂತೆ. 'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ' ಎಂದು ಗಾದೆಯನ್ನೂ ಒಗೆದರಂತೆ.

ಈ ಗಾದೆಯನ್ನೇ ಮೊದಲು ಕೇಳಬೇಕು. ಜುಟ್ಟಿಗೆ ಮಲ್ಲಿಗೆ ಯಾರು ಮುಡಿಯಬಹುದು ಎಂಬುದನ್ನು ಊರು ತೀರ್ಮಾನಿಸುತ್ತಿದ್ದ ಕಾಲವೊಂದಿತ್ತು. ತಿರುವಾಂಕೂರಿನ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳಲು ಬಡಿದಾಡಿದರು. 1859ರಲ್ಲಿ ರಾಜಾಜ್ಞೆ ಹೊರಟಾಗಲೂ ಮೇಲ್ಜಾತಿಯವರಂತೆ ಹೊದೆಯುವಂತಿಲ್ಲ ಎಂಬ ಷರತ್ತು ಉಳಿದೇ ಇತ್ತು. 1927ರ ಡಿಸೆಂಬರಿನಲ್ಲಿ, ಮನುಸ್ಮೃತಿ ಸುಟ್ಟ ಮಹಾಡದಲ್ಲೇ, ಬಾಬಾಸಾಹೇಬರು ಹೆಂಗಸರಿಗೆ ಸೀರೆ ಉಡುವ ರೀತಿಯನ್ನು ಬದಲಿಸಿ, ಜಾತಿ ಹೇಳುವ ಒಡವೆ ತೆಗೆಯಿರಿ ಎಂದರು. ಅವರು ಹಾಕಿಕೊಂಡ ಕೋಟು-ಟೈ ಕೂಡ ಒಂದು ಮಾತೇ. ಹಾಗಾಗಿ ಉಡುಪು ನಮಗೆ ಶೋಕಿಯ ಸಂಗತಿಯಲ್ಲ. ಉಡುಪಿನ ಚಿತ್ರವೂ ಅಲ್ಲ.

ಇನ್ನು ತಿದ್ದುವುದರ ಬಗ್ಗೆ. ಇದು ಕಂಪ್ಯೂಟರ್ ತಂದ ಚಾಳಿ ಎಂದು ಹಲವರು ತಿಳಿದಿದ್ದಾರೆ. ಫೋಟೋಶಾಪ್ ಬಂದದ್ದು 1990ರಲ್ಲಿ. ತಿದ್ದಿದ ನೆಗೆಟಿವನ್ನು ಜರ್ಮನಿಯ ಹಾನ್ಫ್‌ಸ್ಟೆಂಗಲ್ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ್ದು 1855ರಲ್ಲೇ. ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಇದಕ್ಕೆ 'ಟಚಿಂಗ್' ಎಂದರು. ನೆಗೆಟಿವಿನಲ್ಲಿ ಎಲ್ಲವೂ ತಿರುವುಮುರುವು. ಕಪ್ಪು ಮುಖ ಅಲ್ಲಿ ತೆಳ್ಳಗೆ, ಗಾಜಿನಂತೆ ಕಾಣುತ್ತದೆ. ಅದರ ಮೇಲೆ ಚೂಪಾದ ಪೆನ್ಸಿಲಿನಿಂದ ಸಣ್ಣ ಸಣ್ಣ ಗೀರು ಹಾಕಿದರೆ ಬೆಳಕು ಅಷ್ಟು ತಡೆಯುತ್ತದೆ, ಕಾಗದದ ಮೇಲೆ ಆ ಜಾಗ ಬೆಳ್ಳಗಾಗುತ್ತದೆ. ಅಂದರೆ ಕರಿಯನನ್ನು ಬಿಳಿಯನಾಗಿಸಲು ಕರಿ ಬಳಿಯಬೇಕು!

ನನ್ನ ಅಕ್ಕನ ಫೋಟೋಕ್ಕೂ ಹೀಗೆ ಬಳಿದಿದ್ದರು. ನಾವು ಕೇಳಿರಲಿಲ್ಲ, ಸ್ಟುಡಿಯೋದವನೇ ಉಪಕಾರ ಮಾಡಿದ್ದ. ಫೋಟೋ ನೋಡಿ ಒಪ್ಪಿದ ಗಂಡಿನ ಕಡೆಯವರು ಮನೆಗೆ ಬಂದು, ಅಕ್ಕ ಚಹಾ ತಂದಾಗ, "ಫೋಟೋದಾಗಿದ್ದಾಕಿ ಈಕಿ ಅಲ್ಲಲ್ಲ?" ಎಂದರು. ಅವರೂ ನಮ್ಮ ಜಾತಿಯವರೇ, ನಮ್ಮಷ್ಟೇ ಕಪ್ಪಗಿದ್ದರು. ಬಣ್ಣದ ಯಜಮಾನಿಕೆ ಹೊರಗಿನವರಲ್ಲಿ ಮಾತ್ರ ಇದೆ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ಕ್ಯಾಲೆಂಡರುಗಳಲ್ಲಿ ಬಾಬಾಸಾಹೇಬರ ಕೆನ್ನೆಗೆ ಗುಲಾಬಿ ಬಳಿದು ನಾವೇ ಪೂಜೆ ಮಾಡುತ್ತಿಲ್ಲವೆ?

ಕ್ಯಾಮೆರಾ ಕೂಡ ಪಕ್ಷಪಾತಿಯೇ. ಕೊಡಾಕ್ ಕಂಪನಿ ಬಣ್ಣದ ಹದ ನೋಡಲು ಲ್ಯಾಬುಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡಿ'ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣು. ಕಂದು ಬಣ್ಣ ಸರಿಯಾಗಿ ಮೂಡುತ್ತಿಲ್ಲ ಎಂಬ ದೂರು ಕಂಪನಿಗೆ ನಾಟಿದ್ದು ಚಾಕಲೇಟು ಮತ್ತು ಪೀಠೋಪಕರಣದ ವ್ಯಾಪಾರಿಗಳು ಹೇಳಿದಾಗ ಎಂದು ಸಂಶೋಧಕಿ ಲೋರ್ನಾ ರಾತ್ ದಾಖಲಿಸಿದ್ದಾರೆ. ಮನುಷ್ಯರ ಕಪ್ಪಿಗಿಂತ ಮರದ ಕಪ್ಪಿಗೆ ಬೆಲೆ ಇತ್ತು. ನಮ್ಮಲ್ಲಿ 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ 'ಫೇರ್' ತೆಗೆಯಿತು. ಹೆಸರು ಹೋಯಿತು, ಆಸೆ ಹೋಯಿತೆ?

ಇಷ್ಟೆಲ್ಲ ಇದ್ದರೂ 'ಫ್ಯಾಶನ್ ಛಾಯಾಗ್ರಹಣ ಮತ್ತು ಸಮಾಜ' ಎಂಬುದು ಪ್ರಬಂಧದ ವಿಷಯವಾಗದು. ಅದು ಸಮುದ್ರ; ಇವಳ ಕೈಯಲ್ಲಿರುವುದು ಒಂದು ಬಿಂದಿಗೆ. ವಿಷಯಕ್ಕೆ ಒಂದು ಊರು ಬೇಕು, ಒಂದು ಕಾಲ ಬೇಕು, ಮುಟ್ಟಿ ನೋಡಬಹುದಾದ ಸಾಮಗ್ರಿ ಬೇಕು, ಉತ್ತರ ಗೊತ್ತಿರದ ಒಂದು ಪ್ರಶ್ನೆ ಬೇಕು.

ನಾವಿಬ್ಬರೂ ಕೂತು ಊರೂರು ಲೆಕ್ಕ ಹಾಕಿದೆವು. ಜಮಖಂಡಿ, ಮುಧೋಳ 1948ರವರೆಗೆ ಸಂಸ್ಥಾನಗಳು. ಪಟವರ್ಧನರು, ಘೋರ್ಪಡೆಯವರು ಯಾವ ಉಡುಪಿನಲ್ಲಿ ಕ್ಯಾಮೆರಾದ ಮುಂದೆ ನಿಂತರು, ಅರಮನೆಯ ಕಸ ಬಳಿದವರು ಯಾವ ಚಿತ್ರದಲ್ಲಾದರೂ ಇದ್ದಾರೆಯೆ ಎಂಬುದು ಒಂದು. ಬೀಳಗಿ ತಾಲ್ಲೂಕಿನ ಹಳ್ಳಿಗಳು ಆಲಮಟ್ಟಿ ಹಿನ್ನೀರಿಗೆ ಹೋದವು. ಸರಕಾರ ದಾಖಲೆಗೆ ತೆಗೆಸಿದ ಮುಖಕ್ಕೂ, ಜನ ತಾವಾಗಿ ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡ ಮುಖಕ್ಕೂ ಏನು ವ್ಯತ್ಯಾಸ ಎಂಬುದು ಇನ್ನೊಂದು.

ಮೂರನೆಯದು ರಬಕವಿ-ಬನಹಟ್ಟಿ. ನೇಕಾರರ ಊರು. ಇಲ್ಲಿನ ಸೀರೆ ಈಗ ಮೊಬೈಲಿನ ಚಿತ್ರದಲ್ಲೇ ವ್ಯಾಪಾರವಾಗುತ್ತದೆ. ಇಲ್ಲಿ ಆಕೆಗೆ ಒಂದು ಸಂಗತಿ ಹೊಳೆದಿತ್ತು. "ಅಣ್ಣಾರ, ಸೀರಿ ಬಣ್ಣ ಒಂಚೂರು ಬದಲಾದರ ಗಿರಾಕಿ ವಾಪಸ್ ಕಳಸ್ತಾರ್ರಿ. ಅದಕ್ಕ ಸೀರಿ ಮುಟ್ಟಂಗಿಲ್ಲ, ಉಟ್ಟಾಕಿ ಮೈ ಅಷ್ಟ ಬೆಳ್ಳಗ ಮಾಡ್ತಾರ್ರಿ." ನಾನು ಸುಮ್ಮನಾದೆ. ನೂಲಿನ ವಿಷಯದಲ್ಲಿ ಸತ್ಯ ಹೇಳಲೇಬೇಕು, ಮೈಯ ವಿಷಯದಲ್ಲಿ ಸುಳ್ಳು ನಡೆಯುತ್ತದೆ! ಇಡೀ ಪ್ರಬಂಧ ಈ ಒಂದು ವಾಕ್ಯದಲ್ಲಿದೆ.

ಇನ್ನುಳಿದದ್ದು ದುಡಿಮೆ. ಒಂದೇ ಚಿತ್ರದ ತಿದ್ದುವ ಮೊದಲಿನ ಪ್ರತಿ, ಆಮೇಲಿನ ಪ್ರತಿ ಎರಡನ್ನೂ ಪಕ್ಕಪಕ್ಕ ಇಡಬೇಕು. ತಿದ್ದುವವನು, ವ್ಯಾಪಾರಿ, ರೂಪದರ್ಶಿ, ನೇಯ್ದವರು, ಉಡುವವರು ಇವರನ್ನೆಲ್ಲ ಮಾತಾಡಿಸಬೇಕು. ಚಿತ್ರದೊಳಗಿನವರ ಒಪ್ಪಿಗೆಯಿಲ್ಲದೆ ಒಂದು ಮುಖವನ್ನೂ ಅಚ್ಚು ಹಾಕಬಾರದು. "ಬೆಳ್ಳಗ ಮಾಡ್ರಿ" ಎಂದು ಕೇಳುವ ಬಡವಿಯನ್ನು ಮೂರ್ಖಳೆಂದು ಬರೆಯಬಾರದು. ಆಕೆಗೆ ಪೇಟೆಯ ದರ ನಮಗಿಂತ ಚೆನ್ನಾಗಿ ಗೊತ್ತು. ಎಲ್ಲ ಬಿಳುಪೂ ಜಾತಿಯಿಂದಲೇ ಬಂತು ಎಂದು ಮೊದಲೇ ತೀರ್ಪು ಕೊಟ್ಟು ಹೊರಡಬಾರದು. ಜಾತಿ, ಹೆಣ್ತನ, ವಸಾಹತು, ಮಾರುಕಟ್ಟೆ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಚಿತ್ರಗಳೇ ಹೇಳಬೇಕು.

ಗೈಡ್ ಸರ್ ಇನ್ನೂ ಒಪ್ಪಿಲ್ಲ. ದಲಿತರು ನೋವನ್ನಷ್ಟೇ ಬರೆಯಬೇಕು, ಚೆಲುವಿನ ಮಾತು ಬೇರೆಯವರಿಗೆ ಎಂಬ ಹಂಚಿಕೆ ವಿದ್ಯಾಪೀಠಗಳಲ್ಲಿ ಇನ್ನೂ ಇದೆ. ಈ ಹಂಚಿಕೆಯೂ ಒಂದು ಬಗೆಯ ಟಚಿಂಗೇ. ಅಕ್ಕನ ಆ ಹಳೆಯ ಫೋಟೋವನ್ನು ಹುಡುಗಿಗೆ ಕೊಟ್ಟಿದ್ದೇನೆ. ಕೊಡುವ ಮುಂಚೆ ಅಕ್ಕನನ್ನು ಕೇಳಿದೆ. "ಒಯ್ಯಲಿ ಬಿಡಪಾ," ಎಂದಳು, "ಆದರ ಅದು ನಾನಲ್ಲ ಅಂತ ಬರೀಲಿಕ್ಕೆ ಹೇಳು."